ನಾನು ಗಟ್ಟಿ ನಿಂತೆ, ತಂಗಿ ಯಾಕೆ ಊಟ ಬಿಟ್ಟಳು?

ಜಲನಗರದ ಅಕ್ಕ:

ವಿಜಯಪುರದಿಂದ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ, ಇಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡಿ.

ಎರಡು ವರ್ಷದ ಹಿಂದೆ ಅಪ್ಪ ಹೋದರು. ಹಾರ್ಟ್ ಅಟ್ಯಾಕ್. ಅಂಗಡಿ ಮೇಲೆ ಸೊಸೈಟಿ ಸಾಲ ಇದೆ ಅಂತ ನಮಗೆ ಗೊತ್ತಾಗಿದ್ದೇ ಸಾಲದವರು ಮನೆ ಬಾಗಿಲಿಗೆ ಬಂದಾಗ. ನನ್ನದು ಬಿ.ಕಾಂ. ಮುಗಿದಿತ್ತು, ಮರುತಿಂಗಳೇ ಒಂದು ಆಡಿಟರ್ ಆಫೀಸಿಗೆ ಸೇರಿದೆ. ಅಂಗಡಿ ಬಾಡಿಗೆಗೆ ಕೊಟ್ಟೆವು. ಕಂತು ನಾನೇ ಕಟ್ಟುತ್ತಿದ್ದೇನೆ. ಅವ್ವನಿಗೆ ಬಿಪಿ. ತಂಗಿಗೆ ಈಗ 19, ಎರಡನೇ ಸಲ ನೀಟ್ ಬರೆಯಲು ಮನೆಯಲ್ಲೇ ಕೂತು ಓದುತ್ತಿದ್ದಾಳೆ.

ಶುರುವಾಗಿದ್ದು ಸೋಮವಾರದ ಒಪ್ಪತ್ತಿನಿಂದ. ಅಪ್ಪ ಹಿಡಿಯುತ್ತಿದ್ದರು. ಬೆಳಿಗ್ಗೆ ಸಿದ್ಧೇಶ್ವರ ಗುಡಿ, ಇಡೀ ದಿನ ಚಹಾ, ರಾತ್ರಿ ಒಂದೇ ಊಟ. ಅಪ್ಪ ಹೋದ ಮೇಲೆ ತಾನು ಹಿಡಿಯುತ್ತೇನೆ ಅಂದಳು. ಅವ್ವ ಕಣ್ಣೊರೆಸಿಕೊಂಡು ಖುಷಿಪಟ್ಟಳು. ಆಮೇಲೆ ಗುರುವಾರ ಸೇರಿತು. ಆಮೇಲೆ ಶನಿವಾರ. ಶ್ರಾವಣದಲ್ಲಿ ತಿಂಗಳಿಡೀ. ಶ್ರಾವಣ ಮುಗಿಯಿತು, ಒಪ್ಪತ್ತು ಮುಗಿಯಲಿಲ್ಲ. ಈಗ ಆ ಒಂದು ಊಟವನ್ನೂ ರೂಮಿಗೆ ಒಯ್ಯುತ್ತಾಳೆ, ಓದುತ್ತಾ ತಿನ್ನುತ್ತೇನೆ ಅನ್ನುತ್ತಾಳೆ.

ದಸರೆಗೆ ಮನೆ ತೊಳೆಯುವಾಗ ಅವಳ ರೂಮಿನ ಟ್ರಂಕ್ ಎಳೆದೆ. ಹಿಂದೆ ಪೇಪರಿನಲ್ಲಿ ಸುತ್ತಿದ ರೊಟ್ಟಿ. ಹನ್ನೊಂದು, ಎಣಿಸಿದೆ. ಕಡಕ್ ಆಗಿದ್ದವು, ಒಂದರ ಮೇಲೊಂದು ಇಟ್ಟರೆ ಹಂಚಿನ ಹಾಗೆ ಸದ್ದು. ಒಂದರ ಮಡಿಕೆಯಲ್ಲಿ ಗುರೆಳ್ಳು ಚಟ್ನಿ ಹಾಗೇ ಒಣಗಿ ಕೂತಿತ್ತು. ಅವ್ವ ಮೊಣಕಾಲು ನೋವಿನಲ್ಲಿ ಕೂತು ಬಡಿದ ರೊಟ್ಟಿ ಅವು. ನನಗೆ ಅಳು ಬರಬೇಕಿತ್ತು. ಬಂದಿದ್ದು ಸಿಟ್ಟು.

ತಲೆ ಕೆಡುವ ವಿಷಯ ಅಂದರೆ ಅವಳಿಗೆ ಅಡುಗೆ ಮೇಲೆ ಇನ್ನಿಲ್ಲದ ಪ್ರೀತಿ ಬಂದಿದೆ. ರಾತ್ರಿ ಒಂದರವರೆಗೆ ಅಡುಗೆ ವಿಡಿಯೊ ನೋಡುತ್ತಾಳೆ. ಹೋದ ವಾರ ಶೇಂಗಾ ಹೋಳಿಗೆ ಮಾಡಿ ಓಣಿಗೆಲ್ಲ ಹಂಚಿದಳು, ಒಂದು ಚೂರು ಬಾಯಿಗಿಡಲಿಲ್ಲ. ಬಿಸಿಲಲ್ಲೂ ಸ್ವೆಟರ್. ಬಾತ್‌ರೂಮ್ ಜಾಲರಿಯಲ್ಲಿ ಕೂದಲು. ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲ. ನಮ್ಮ ಅತ್ತೆ ಬಂದವರು ಏನಂದರು ಗೊತ್ತಾ? "ತೆಳ್ಳಗಾಗಿ ಛಲೋ ಕಾಣಾಕತ್ಯಾಳ ನೋಡ, ಇನ್ನ ವರ ನೋಡಬಹುದು."

ನನ್ನ ಪ್ರಶ್ನೆ ಇಷ್ಟೇ. ಒಂದೇ ಮನೆ, ಒಂದೇ ಅಪ್ಪ, ಒಂದೇ ಸಾಲ. ನಾನು ಗಟ್ಟಿ ನಿಂತೆ. ಅವಳಿಗೆ ಯಾಕೆ ಆಗಲಿಲ್ಲ? ಇದು ಹಠವಾ, ರೋಗವಾ? ರೋಗ ಆದರೆ ಎಲ್ಲಿಗೆ ಕರೆದುಕೊಂಡು ಹೋಗಬೇಕು?

ಇಂಡಿ ಕಾಕಾ:

ತಂಗೀ, ಸಿಟ್ಟಾಗಬೇಡ, ನೇರ ಹೇಳುತ್ತೇನೆ. ಇದೆಲ್ಲ ಮೊಬೈಲ್ ಬಂದ ಮೇಲಿನ ರೋಗ. ನಾವು ಎಪ್ಪತ್ತೆರಡರ ಬರ ನೋಡಿದವರು. ಆಗ ಊಟ ಬೇಡ ಅನ್ನುವ ಮಾತೇ ಇರಲಿಲ್ಲ, ಊಟವೇ ಇರಲಿಲ್ಲ. ಕಷ್ಟ ಮನುಷ್ಯರಿಗೆ ಬರದೆ ಮರಕ್ಕೆ ಬರುತ್ತಾ? ಮೊಬೈಲ್ ಕಸಿದುಕೊಳ್ಳಿ, ಎದುರು ಕೂರಿಸಿ, ಒಂದು ವಾರ ತುಪ್ಪ, ಹೋಳಿಗೆ, ಹಾಲು ಗಟ್ಟಿಯಾಗಿ ತಿನ್ನಿಸಿ. ತಾನೇ ದಾರಿಗೆ ಬರುತ್ತಾಳೆ.

ನವನಗರ ಹುಡುಗಿ:

ಕಾಕಾ, ದೊಡ್ಡವರು ನೀವು, ಆದರೆ ಇದನ್ನು ಮಾಡಿ ಅಂತ ಯಾರಿಗೂ ಹೇಳಬೇಡಿ. ನನಗೆ ಹೀಗೆ ತಿನ್ನಿಸಿದ್ದರು. ತಿಂದೆ. ಆಮೇಲೆ ಬಚ್ಚಲಿಗೆ ಹೋದೆ. ಅಷ್ಟೇ ಕಲಿತಿದ್ದು.

ಅಕ್ಕಾ, ನಾನು ಬಾಗಲಕೋಟೆಯವಳು. ನನ್ನದು ಬುಲಿಮಿಯಾ ಇತ್ತು, ಅಂದರೆ ಸಿಕ್ಕಾಪಟ್ಟೆ ತಿಂದು ಆಮೇಲೆ ಹೊರಗೆ ಹಾಕುವ ಕಾಯಿಲೆ. ನಿಮ್ಮ ತಂಗಿಯದು ಬೇರೆ ಥರ ಕಾಣುತ್ತದೆ, ಆದರೆ ಒಳಗಿನ ಕಥೆ ಹತ್ತಿರದ್ದೇ ಇರಬಹುದು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಬಂದಾಗ ನಮ್ಮ ಅಜ್ಜಿ ಊರಿನ ಮನೆ ಬಿತ್ತು. ಮಣ್ಣಿನ ಮನೆ, ಮೂರು ದಿನ ನೀರಲ್ಲಿ ನಿಂತು ಕೂತುಬಿಟ್ಟಿತು. ನಾನು ಹಾಸ್ಟೆಲ್‌ನಲ್ಲಿದ್ದೆ, ಫೋನಲ್ಲೇ ಎಲ್ಲ ಕೇಳಿದ್ದು. ಅಜ್ಜಿ ಶೆಡ್ಡಿನಲ್ಲಿ, ಅಪ್ಪ ಪರಿಹಾರಕ್ಕೆ ಆಫೀಸು ಅಲೆಯುವುದು, ನಾನು ಇಲ್ಲಿ ಮೆಸ್ಸಿನಲ್ಲಿ ಬಿಸಿ ಅನ್ನ ತಿನ್ನುವುದು. ತುತ್ತು ಇಳಿಯುತ್ತಿರಲಿಲ್ಲ. ಆಮೇಲೆ ಇಳಿಯದಿದ್ದದ್ದೇ ಒಂದು ಥರ ಸಮಾಧಾನ ಕೊಡಲು ಶುರುವಾಯಿತು. ಹೊಳೆ ನನ್ನ ಕೈಲಿರಲಿಲ್ಲ, ತಟ್ಟೆ ಇತ್ತು. ಹಗಲೆಲ್ಲ ಉಪವಾಸ, ರಾತ್ರಿ ಡಬ್ಬಿ ಡಬ್ಬಿ ಖಾಲಿ ಮಾಡುವುದು, ಆಮೇಲೆ ನಾಚಿಕೆ, ತಿಂದದ್ದನ್ನು ಹೊರಗೆ ಹಾಕುವುದು. ಎರಡೂವರೆ ವರ್ಷ. ನೋಡಲು ನಾನು ಮೊದಲಿನ ಹಾಗೇ ಇದ್ದೆ, ಅದಕ್ಕೇ ಯಾರಿಗೂ ಗೊತ್ತಾಗಲಿಲ್ಲ. ಹಲ್ಲಿನ ಡಾಕ್ಟರಿಗೆ ಮೊದಲು ಅನುಮಾನ ಬಂತು. ಹಿಂದಿನ ಹಲ್ಲುಗಳ ಹೊಳಪು ಹೋಗಿತ್ತು, "ಆಸಿಡ್ ಬರುತ್ತಾ ಬಾಯಿಗೆ?" ಅಂತ ಮೆತ್ತಗೆ ಕೇಳಿದರು.

ಸರಿಯಾಗಿದ್ದು ಒಂದೇ ಸಲ ಅಲ್ಲ. ಮನೋವೈದ್ಯರು ಫ್ಲೂಆಕ್ಸೆಟಿನ್ ಮಾತ್ರೆ ಕೊಟ್ಟರು, ಜೊತೆಗೆ ವಾರಕ್ಕೊಮ್ಮೆ ಕೌನ್ಸೆಲಿಂಗ್. ಗಡಿಯಾರ ನೋಡಿ ತಿನ್ನುವುದು, ಹಸಿವು ಇರಲಿ ಇಲ್ಲದಿರಲಿ. ಸುಮ್ನೆ ಅನಿಸುತ್ತದೆ, ಅದೇ ಎಲ್ಲಕ್ಕಿಂತ ಕಷ್ಟದ್ದು. ಊಟ ಆದ ಮೇಲಿನ ಅರ್ಧ ಗಂಟೆ ನನಗೆ ನರಕ. ಆ ಅರ್ಧ ಗಂಟೆ ನನ್ನ ರೂಮ್‌ಮೇಟ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಚೌಕಾಬಾರ ಆಡಿಸುತ್ತಿದ್ದಳು. ಊಟದ ಬಗ್ಗೆ ಒಂದು ಮಾತಿಲ್ಲ. ಕವಡೆ ಹಾಕು, ನಿನ್ನ ಪಾಳಿ, ಅಷ್ಟೇ. ಮೋಸ ಬೇರೆ ಮಾಡುತ್ತಿದ್ದಳು.

ಒಂದು ವಿಷಯ, ಅಕ್ಕಾ. ತಂಗಿ ತಿನ್ನಲು ಶುರು ಮಾಡಿದ ಮೇಲೆ "ಈಗ ಮೈ ಕೈ ತುಂಬಿಕೊಂಡಿ ನೋಡು, ಚಂದ ಕಾಣಸ್ತಿ" ಅಂತ ಯಾರೋ ಒಬ್ಬರು ಅಂದೇ ಅನ್ನುತ್ತಾರೆ. ಪ್ರೀತಿಯಿಂದಲೇ ಅನ್ನುತ್ತಾರೆ. ನನಗೆ ಅದೊಂದು ಮಾತು ಎರಡು ತಿಂಗಳು ಹಿಂದಕ್ಕೆ ಒಯ್ದಿತ್ತು. ನಿಮ್ಮ ಅತ್ತೆಯನ್ನು ಸ್ವಲ್ಪ ದಿನ ದೂರ ಇಡಿ.

ಕ್ಯಾಂಪಿನ ಸಿಸ್ಟರ್:

ಬೆಳಗಾವಿಯಿಂದ. ನರ್ಸ್, 16 ವರ್ಷದ ಸರ್ವಿಸು, ಅದರಲ್ಲಿ ಐದು ವರ್ಷ ಮಾನಸಿಕ ವಾರ್ಡಿನಲ್ಲಿ. ನಾನು ಡಾಕ್ಟರ್ ಅಲ್ಲ, ಹುಡುಗಿಯನ್ನು ನೋಡಿಲ್ಲ, ಆದರೆ ನೀವು ಬರೆದದ್ದು ಓದಿದರೆ ಕಾಯಬಾರದು.

ಮೊದಲು ಕಾಕಾ ಅವರಿಗೆ. ತುಪ್ಪ, ಹೋಳಿಗೆ ಒಂದೇ ವಾರದಲ್ಲಿ ತುರುಕುವುದು ಬರೀ ಹಟಮಾರಿತನದ ಪ್ರಶ್ನೆ ಅಲ್ಲ, ಜೀವಕ್ಕೆ ಅಪಾಯ. ತುಂಬಾ ದಿನ ಹಸಿದ ದೇಹಕ್ಕೆ ಏಕದಮ್ ಜಾಸ್ತಿ ಊಟ ಬಿದ್ದರೆ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ ಧಡಕ್ ಅಂತ ಇಳಿಯುತ್ತವೆ, ಹೃದಯ ತಾಳ ತಪ್ಪುತ್ತದೆ. ಎರಡನೇ ಮಹಾಯುದ್ಧದಲ್ಲಿ ಸೆರೆಶಿಬಿರಗಳಿಂದ ಬಿಡುಗಡೆಯಾದ ಎಷ್ಟೋ ಜನ ಹೊಟ್ಟೆತುಂಬ ಉಂಡ ಮೇಲೆಯೇ ಸತ್ತರು. ರೀಫೀಡಿಂಗ್ ಸಿಂಡ್ರೋಮ್ ಅನ್ನುತ್ತೇವೆ. ಅದಕ್ಕೇ ಮೊದಲು ರಕ್ತ ಪರೀಕ್ಷೆ, ಇಸಿಜಿ, ಆಮೇಲೆ ಡಾಕ್ಟರ್ ಹೇಳಿದ ಅಳತೆಯಲ್ಲಿ ಊಟ.

ಅಡುಗೆ ವಿಡಿಯೊ ವಿಷಯ. ಅದು ನಾಟಕ ಅಲ್ಲ. 1944-45ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನುವವರು 36 ಜನ ಆರೋಗ್ಯವಂತ ಗಂಡಸರನ್ನು ಅವರ ಒಪ್ಪಿಗೆ ಮೇಲೆ ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿ ಇಟ್ಟು ನೋಡಿದರು. ಯುದ್ಧದಲ್ಲಿ ಹಸಿದವರನ್ನು ಮತ್ತೆ ಚೇತರಿಸಿಕೊಳ್ಳುವ ಹಾಗೆ ಮಾಡುವುದು ಹೇಗೆ ಅಂತ ತಿಳಿಯಲು. ಆ ಗಂಡಸರು ಏನು ಮಾಡಿದರು ಗೊತ್ತಾ? ಅಡುಗೆ ಪುಸ್ತಕ ಸಂಗ್ರಹಿಸಿದರು. ಕನಸಿನಲ್ಲೂ ಊಟ. ತಟ್ಟೆ ಮುಂದೆ ಎಷ್ಟು ಹೊತ್ತಾದರೂ ಕೂರುವುದು, ಬೇಸಿಗೆಯಲ್ಲೂ ಚಳಿ, ಸಿಡುಕು, ಯಾರ ಜೊತೆಗೂ ಬೆರೆಯದಿರುವುದು. ಅವರಿಗೆ ತೆಳ್ಳಗಾಗುವ ಆಸೆ ಇರಲಿಲ್ಲ, ಮೊಬೈಲೂ ಇರಲಿಲ್ಲ ಕಾಕಾ. ಹಸಿದ ಮೆದುಳು ಹಾಗೇ ಆಗುತ್ತದೆ. ಅಂದರೆ ನೀವು ಹಠ ಅಂದುಕೊಂಡಿರುವುದರಲ್ಲಿ ಅರ್ಧ ಹಸಿವಿನದೇ ಕೆಲಸ ಇರಬಹುದು. ಹೊಟ್ಟೆಗೆ ಸೇರಲು ಶುರುವಾಗದೆ ಬುದ್ಧಿಮಾತು ತಲೆಗೆ ಇಳಿಯುವುದಿಲ್ಲ.

ಇನ್ನು ನಿಮ್ಮ ದೊಡ್ಡ ಪ್ರಶ್ನೆ, ಒಂದೇ ಮನೆ, ಇಬ್ಬರಿಗೆ ಎರಡು ಥರ ಯಾಕೆ. ನಿಮ್ಮ ತಂಗಿಯದು ಅನೊರೆಕ್ಸಿಯಾ ಇರಬಹುದು, ಅಂದರೆ ಊಟ ಬಿಡುತ್ತಾ ಮೈ ಇಳಿಯುತ್ತಾ ಹೋಗುವ ಮಾನಸಿಕ ಕಾಯಿಲೆ. ಅದರಲ್ಲಿ ಅನುವಂಶೀಯತೆಯ ಪಾಲು ದೊಡ್ಡದು, ಅವಳಿಗಳ ಮೇಲಿನ ಅಧ್ಯಯನಗಳಿಂದ ತಿಳಿದದ್ದು. ವಯಸ್ಸು ಒಂದು ಕಾರಣ, ಹದಿಹರೆಯದಲ್ಲಿ ಶುರುವಾಗುವುದೇ ಜಾಸ್ತಿ. ಮೊದಲಿನಿಂದ ಎಲ್ಲ ನೀಟಾಗಿ ಇರಬೇಕು ಅನ್ನುವ ಸ್ವಭಾವ ಇದ್ದರೆ ಅದೂ ಸೇರುತ್ತದೆ. ಸಾಲ, ಸಾವು, ಪರೀಕ್ಷೆ ಇವು ಕಡ್ಡಿ ಗೀರುತ್ತವೆ, ಹುಲ್ಲು ಒಣಗಿದ್ದಲ್ಲಿ ಹತ್ತಿಕೊಳ್ಳುತ್ತದೆ.

ಗಟ್ಟಿತನದ ಬಗ್ಗೆ ನನಗೆ ತುಂಬಾ ಹಿಡಿಸಿದ ಒಂದು ಅಧ್ಯಯನ ಇದೆ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಜೊತೆಯವರು ದೊಡ್ಡವರಾಗುವವರೆಗೆ, ಆಮೇಲೂ, ಹಿಂಬಾಲಿಸಿದರು. ಬಡತನ, ಕುಡಿತ, ಜಗಳ ಎಲ್ಲ ಕಂಡ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಚೆನ್ನಾಗಿಯೇ ಬೆಳೆದರು. ಅವರಲ್ಲಿ ಕಂಡದ್ದೆಂದರೆ, ಮನೆಯಲ್ಲೋ ಹೊರಗೋ ಅವರನ್ನು ಕೈಬಿಡದ ದೊಡ್ಡವರು ಒಬ್ಬರಾದರೂ ಇದ್ದರು. ಅಜ್ಜಿ, ಟೀಚರ್, ಪಕ್ಕದ ಮನೆಯವರು, ಯಾರೋ. ಈಗ ನೀವೇ ಲೆಕ್ಕ ಹಾಕಿ. ಅಪ್ಪ ಹೋದ ಮೇಲೆ ನಿಮಗೆ ಆಫೀಸು ಸಿಕ್ಕಿತು, ಜೊತೆಯವರು ಸಿಕ್ಕರು, ಹನ್ನೊಂದು ಗಂಟೆಗೆ ಒಂದು ಚಹಾ ಸಿಕ್ಕಿತು. ಅವಳಿಗೆ ಒಂದು ರೂಮು ಸಿಕ್ಕಿತು.

ಎಲ್ಲಿಗೆ ಹೋಗಬೇಕು: ವಿಜಯಪುರ ಜಿಲ್ಲಾ ಆಸ್ಪತ್ರೆಯ ಮಾನಸಿಕ ವಿಭಾಗ, ಈ ವಾರವೇ. ಜೊತೆಗೆ ಫಿಜಿಷಿಯನ್ ಕೂಡ ನೋಡಬೇಕು. ಥೈರಾಯ್ಡ್, ಟಿಬಿ, ಸಕ್ಕರೆ ಕಾಯಿಲೆಯಿಂದಲೂ ಮೈ ಇಳಿಯುತ್ತದೆ, ಅವು ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲಿ. ನಾಡಿ, ಮಲಗಿದಾಗ ಒಂದು ಸಲ ನಿಂತಾಗ ಒಂದು ಸಲ ಬಿಪಿ, ಪೊಟ್ಯಾಸಿಯಂ, ಫಾಸ್ಫೇಟ್, ಶುಗರ್, ಇಸಿಜಿ, ಇಷ್ಟು ಕೇಳಿ ಮಾಡಿಸಿ. ಅವಳನ್ನು ಒಪ್ಪಿಸಲು ಆಗದಿದ್ದರೆ ಮೊದಲು ನೀವೇ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ದೊಡ್ಡ ಮಟ್ಟದ ಚಿಕಿತ್ಸೆ ಬೇಕಾದರೆ ಧಾರವಾಡದ ಡಿಮ್ಹಾನ್ಸ್, ಅದಕ್ಕೂ ಮೇಲೆ ಬೆಂಗಳೂರಿನ ನಿಮ್ಹಾನ್ಸ್. ತಲೆ ಸುತ್ತಿ ಬಿದ್ದರೆ, ಎದೆ ಢವಢವ ಅಂದರೆ, ಕಾಲು ಬಾತರೆ, ಸಾಯುವ ಮಾತಾಡಿದರೆ ಇದ್ಯಾವುದಕ್ಕೂ ಕಾಯದೆ ಸೀದಾ ಎಮರ್ಜೆನ್ಸಿ.

ಅಂಕಲಗಿ ಗರಡಿ:

ನಾನು ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಹುಡುಗಿಯರ ವಿಷಯ ಅಂತ ಬಿಟ್ಟಿದ್ದೆ. ಹಾಗೇನಿಲ್ಲ.

ಕುಸ್ತಿ ಆಡುತ್ತಿದ್ದೆ. ಮೈತೂಕದ ವರ್ಗ ಹಿಡಿಯಲು ಹೊಟ್ಟೆ ಕಟ್ಟುವುದು ನಮ್ಮಲ್ಲಿ ಮಾಮೂಲು, ಅದನ್ನು ಯಾರೂ ರೋಗ ಅನ್ನುವುದಿಲ್ಲ, ಹಟ ಅನ್ನುತ್ತಾರೆ, ಶಾಬಾಷ್ ಅನ್ನುತ್ತಾರೆ. ಕುಸ್ತಿ ಮುಗಿದ ರಾತ್ರಿ ನಾನು ತಿನ್ನುತ್ತಿದ್ದದ್ದು ನೋಡಿದ್ದರೆ ನೀವು ಹೆದರುತ್ತಿದ್ದಿರಿ. ರುಚಿ ಗೊತ್ತಾಗುತ್ತಿರಲಿಲ್ಲ. ಮೊಣಕೈ ಮುರಿದು ಆಟ ನಿಂತ ಮೇಲೆ ಹೊಟ್ಟೆ ಕಟ್ಟುವುದು ನಿಂತಿತು, ಆ ರಾತ್ರಿ ತಿನ್ನುವುದು ಮಾತ್ರ ನಿಲ್ಲಲಿಲ್ಲ. ಅದಕ್ಕೂ ಒಂದು ಹೆಸರು ಇದೆ ಅಂತ ಡಾಕ್ಟರ್ ಹೇಳಿದಾಗಲೇ ಗೊತ್ತಾಗಿದ್ದು. ಬಿಂಜ್ ಈಟಿಂಗ್. 2013ರಲ್ಲಿ ಅಮೆರಿಕದ ಮನೋವೈದ್ಯರು ತಮ್ಮ ಕೈಪಿಡಿಯಲ್ಲಿ ಅದಕ್ಕೆ ಬೇರೆ ಕಾಯಿಲೆಯ ಜಾಗ ಕೊಟ್ಟರಂತೆ. ಜಾಗ ಕೊಟ್ಟರೋ ಬಿಟ್ಟರೋ, ನನಗೆ ಹೆಸರು ಸಿಕ್ಕಿದ್ದಕ್ಕೆ ನಾಚಿಕೆ ಅರ್ಧ ಇಳಿಯಿತು.

ಗಟ್ಟಿ ಅನ್ನಿಸಿಕೊಂಡವರನ್ನು ಯಾರೂ "ಉಂಡಿಯೇನೋ" ಅಂತ ಕೇಳುವುದಿಲ್ಲ, ಅಕ್ಕಾ.

ಹೂಗಾರ ಓಣಿ:

ಒಪ್ಪತ್ತಿನ ಬಗ್ಗೆ ಒಂದು ಮಾತು. ನಿಮ್ಮ ಅವ್ವನಿಗೆ ವ್ರತ ಮುರಿದರೆ ಕೇಡು ಅನ್ನುವ ಭಯ ಇದ್ದೇ ಇರುತ್ತದೆ. ಮುರಿಯುವುದು ಬೇಡ, ಮುಗಿಸಿ. ಉದ್ಯಾಪನೆ ಅಂತ ಇದೆಯಲ್ಲ, ಅದನ್ನು ಮಾಡಿ, ಐದು ಜನರನ್ನು ಕರೆದು ಊಟ ಹಾಕಿ, ಅಪ್ಪನ ಹೆಸರಲ್ಲಿ ಹಿಡಿದದ್ದು ತೀರಿತು ಅನ್ನಿ. ಬಸುರಿಯರಿಗೆ, ಕಾಯಿಲೆಯವರಿಗೆ ಉಪವಾಸ ಬೇಡ ಅಂತ ನಮ್ಮ ಹಿರಿಯರೇ ಹೇಳಿದ್ದಾರೆ.

ನವನಗರ ಹುಡುಗಿ:

ಇದು ಛಲೋ ಐಡಿಯಾ, ಆದರೆ ಆ ಉದ್ಯಾಪನೆ ಊಟಕ್ಕೆ ತಂಗಿಯನ್ನು ನಡುವೆ ಕೂರಿಸಿ ಎಲ್ಲರೂ ಅವಳ ಎಲೆಯನ್ನೇ ನೋಡಬೇಡಿ. ಮತ್ತೆ ಒಪ್ಪತ್ತು ಹೋದರೆ ಇನ್ನೊಂದು ನೆಪ ಬರುತ್ತದೆ, ಆಸಿಡಿಟಿ, ಪಿತ್ತ, ಹಾಲು ಆಗಿಬರುವುದಿಲ್ಲ. ನನಗೆ ಎಲ್ಲ ಗೊತ್ತು.

ಜಲನಗರದ ಅಕ್ಕ:

ಹತ್ತು ದಿನ ಆಯಿತು. ಎಲ್ಲರ ಮಾತೂ ಓದಿದೆ, ಉತ್ತರ ಬರೆಯಲು ಆಗಲಿಲ್ಲ.

14416ಕ್ಕೆ ರಾತ್ರಿ ಹನ್ನೊಂದಕ್ಕೆ ಮಾಳಿಗೆ ಮೇಲೆ ಹೋಗಿ ಫೋನ್ ಮಾಡಿದೆ. ತಂಗಿ ವಿಷಯ ಹೇಳಿದೆ. ಆ ಕಡೆ ಇದ್ದ ಹೆಣ್ಣುಮಗಳು ಎಲ್ಲ ಕೇಳಿ, "ನಿಮ್ಮ ಊಟ ನಿದ್ದೆ ಹೇಗಿದೆ?" ಅಂದರು. ಅಷ್ಟಕ್ಕೇ ನನಗೆ ಮಾತು ನಿಂತುಹೋಯಿತು. ಮೊದಲು ಬರೆದಾಗ ಇದನ್ನು ಬಿಟ್ಟಿದ್ದೆ, ಈಗ ಬರೆಯುತ್ತೇನೆ. ಕಂತಿನ ತಾರೀಖು ಹತ್ತಿರ ಬಂದರೆ ನಾನು ರಾತ್ರಿ ಎದ್ದು ಅಡುಗೆಮನೆಯಲ್ಲಿ ಲೈಟ್ ಹಾಕದೆ ನಿಂತುಕೊಂಡು ತಿನ್ನುತ್ತೇನೆ. ತಂಗಿ ಮಾಡಿದ ಶೇಂಗಾ ಹೋಳಿಗೆ, ಓಣಿಗೆ ಹಂಚಿ ಉಳಿದದ್ದು, ಡಬ್ಬಿ ಪೂರ್ತಿ ನಾನೇ ಮುಗಿಸಿದ್ದು. ಬೆಳಿಗ್ಗೆ ಅವ್ವ ಕೇಳಿದರೆ ಇರುವೆ ಹತ್ತಿತ್ತು, ಚೆಲ್ಲಿದೆ ಅಂದೆ. ಅವಳು ಟ್ರಂಕಿನ ಹಿಂದೆ, ನಾನು ಕತ್ತಲಲ್ಲಿ. ಗಟ್ಟಿ ನಿಂತೆ ಅಂತ ಎಷ್ಟು ಧಿಮಾಕಿನಿಂದ ಬರೆದಿದ್ದೆ ನೋಡಿ.

ಜಿಲ್ಲಾ ಆಸ್ಪತ್ರೆಗೆ ಹೋದೆವು. ಹುಚ್ಚರ ಡಾಕ್ಟರ ಹತ್ತಿರ ಬರುವುದಿಲ್ಲ ಅಂತ ಒಂದೇ ಹಟ. ಕೊನೆಗೆ "ನನಗೆ ತೋರಿಸಬೇಕಾಗಿದೆ, ಜೊತೆಗೆ ಬಾ" ಅಂದೆ. ಅದು ಸುಳ್ಳೂ ಆಗಿರಲಿಲ್ಲ. ಇಬ್ಬರ ಹೆಸರಲ್ಲೂ ಚೀಟಿ ಮಾಡಿಸಿದೆ. ಅವಳ ನಾಡಿ ತೀರಾ ನಿಧಾನ ಅಂತ ಅವತ್ತೇ ಅಡ್ಮಿಟ್ ಮಾಡಿಕೊಂಡರು, ಆರು ದಿನ. ಊಟ ಅಂದರೆ ಸ್ವಲ್ಪ ಸ್ವಲ್ಪ, ದಿನಾ ರಕ್ತ ತೆಗೆದು ನೋಡಿ. ಸಿಸ್ಟರ್ ಹೇಳಿದ ಹಾಗೇ. ಈಗ ಮನೆಯಲ್ಲಿದ್ದೇವೆ. ಊಟದ ಜವಾಬ್ದಾರಿ ಸದ್ಯಕ್ಕೆ ಅವ್ವ ಮತ್ತು ನನ್ನದು, ಅವಳದಲ್ಲ ಅಂತ ಡಾಕ್ಟರ್ ಹೇಳಿದ್ದಾರೆ. ಮನೆಯವರೇ ಊಟ ಮಾಡಿಸುವ ಈ ಪದ್ಧತಿ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ಶುರುವಾಗಿದ್ದಂತೆ. ಲಂಡನ್ನಿನವರು ನಮ್ಮ ಅವ್ವನನ್ನು ನೋಡಿಲ್ಲ. ಒಂದೊಂದು ತುತ್ತಿಗೂ ದೇವರನ್ನು ನೆನೆಯುತ್ತಾಳೆ, ಜೋರಾಗಿ. ತಂಗಿ ಮೊನ್ನೆ ಅಷ್ಟರ ನಡುವೆ ನಕ್ಕುಬಿಟ್ಟಳು. ನಿನ್ನೆ ತಟ್ಟೆ ಎಸೆದಳು. ಹೀಗೇ ನಡೆದಿದೆ. ಈ ವರ್ಷ ನೀಟ್ ಬೇಡ ಅಂತ ಮಾತಾಗಿದೆ, ಅವಳು ಇನ್ನೂ ಒಪ್ಪಿಲ್ಲ.

ನನಗೂ ವಾರಕ್ಕೊಂದು ದಿನ ಕೌನ್ಸೆಲಿಂಗ್ ಹಾಕಿದ್ದಾರೆ. ಆಫೀಸಿನಲ್ಲಿ ಹಲ್ಲು ನೋವು ಅಂತ ಹೇಳಿದ್ದೇನೆ.

ಕ್ಯಾಂಪಿನ ಸಿಸ್ಟರ್:

ಒಳ್ಳೆ ಕೆಲಸ ಮಾಡಿದಿರಿ. ರಾತ್ರಿ ತಿನ್ನುವುದಕ್ಕೆ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಏಕದಮ್ ಹೆದರಿದಾಗ ಹಸಿವು ಸಾಯುತ್ತದೆ, ಆದರೆ ಚಿಂತೆ ತಿಂಗಳುಗಟ್ಟಲೆ ಉಳಿದರೆ ಕಾರ್ಟಿಸೋಲ್ ಅನ್ನುವ ಒತ್ತಡದ ಹಾರ್ಮೋನ್ ಏರಿ ಸಿಹಿ, ಎಣ್ಣೆಯದ್ದು ಬೇಕು ಅನಿಸುತ್ತದೆ. ಹಗಲು ಊಟ ಬಿಡಬೇಡಿ, ರಾತ್ರಿಯದು ತಾನೇ ಸ್ವಲ್ಪ ಇಳಿಯುತ್ತದೆ. ತಟ್ಟೆ ಎಸೆದರೆ ಸ್ಟೀಲಿನದೇ ಅಲ್ವಾ, ಎತ್ತಿಕೊಳ್ಳಿ. ಫಾಲೋಅಪ್ ಮಾತ್ರ ತಪ್ಪಿಸಬೇಡಿ.

ಇಂಡಿ ಕಾಕಾ:

ತಂಗೀ, ನಾನು ಅವತ್ತು ಬಿರುಸಾಗಿ ಬರೆದೆ. ತಪ್ಪಾಯಿತು.

ಸಿಸ್ಟರ್ ಆ ಅಮೆರಿಕದ ಗಂಡಸರ ಕಥೆ ಬರೆದ ಮೇಲೆ ನಮ್ಮವ್ವ ನೆನಪಾದಳು. ಎಪ್ಪತ್ತೆರಡರಲ್ಲಿ ನನಗೆ ಎಂಟು ವರ್ಷ. ಅವ್ವ ಬರಗಾಲದ ಕಾಮಗಾರಿಗೆ ಕಲ್ಲು ಒಡೆಯಲು ಹೋಗುತ್ತಿದ್ದಳು. ಆಮೇಲೆ ಮಳೆ ಬಂತು, ಬೆಳೆ ಬಂತು, ನಾವು ಮಕ್ಕಳು ದುಡಿದೆವು, ಕಣಜ ತುಂಬ ಜೋಳ ಇತ್ತು. ಆದರೂ ಸಾಯುವ ತನಕ ದಿಂಬಿನ ಕೆಳಗೆ ಒಂದು ರೊಟ್ಟಿ ಇಟ್ಟುಕೊಂಡೇ ಮಲಗುತ್ತಿದ್ದಳು. ನಾವು ನಗುತ್ತಿದ್ದೆವು. ಒಂದು ಸಲ ನಾನು ಬೈದೂ ಇದ್ದೆ, ಇಲಿ ಬರುತ್ತವೆ ಅಂತ. ಅವಳನ್ನು ಊರೆಲ್ಲ ಗಟ್ಟಿ ಹೆಂಗಸು ಅನ್ನುತ್ತಿತ್ತು.

ಜಲನಗರದ ಅಕ್ಕ:

ಕಾಕಾ, ಇದನ್ನು ತಂಗಿಗೆ ಓದಿ ಹೇಳಿದೆ. ಏನೂ ಅನ್ನಲಿಲ್ಲ. ಆಮೇಲೆ ರಾತ್ರಿ ಹಾಸಿಗೆ ಹಾಸುವಾಗ, "ಆ ರೊಟ್ಟಿ ಬೆಳಿಗ್ಗೆ ಏನ್ ಮಾಡ್ತಿದ್ರಂತ, ಕೇಳು" ಅಂದಳು.

ಇಂಡಿ ಕಾಕಾ:

ಎಮ್ಮೆಗೆ ಹಾಕುತ್ತಿದ್ದಳು, ತಂಗೀ. ರಾತ್ರಿ ಮತ್ತೆ ಹೊಸದು ಇಟ್ಟುಕೊಳ್ಳುತ್ತಿದ್ದಳು.